ಎರಡೆಕರೆಯ ಮನೆಗೆ ಹತ್ತು ಕುರಿ



ಹೊಲದ ಕೆಲಸ ಮುಗಿಸಿ, ದನಕರು ಕಟ್ಟಿ, ಜಗಲಿಯ ಮೇಲೆ ಕುಳಿತಿರುವ ಹೊತ್ತು ಇದು. ಈ ಹೊತ್ತಿನಲ್ಲಿ ಕುರಿ ಸಾಕುವ ವಿಚಾರವಾಗಿ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. "ಕುರಿ ಸಾಕೋದರಲ್ಲಿ ಹೇಳೋದೇನಿದೆ ಸ್ವಾಮಿ? ಬೆಳಿಗ್ಗೆ ಬಿಟ್ಟರೆ ಮೇಯ್ಕೊಂಡು ಬರ್ತವೆ, ಸಂಜೆ ರೊಪ್ಪಕ್ಕೆ ಕೂಡಿದರೆ ಆಯ್ತು" ಎಂದು ನಿಮ್ಮಲ್ಲಿ ಕೆಲವರು ನಗಬಹುದು. ತಲೆತಲಾಂತರದಿಂದ ಕುರಿ ಕಾಯ್ದ ಮನೆಯಲ್ಲಿ ಹುಟ್ಟಿದವರಿಗೆ ಕಲಿಸುವಂಥದು ನನ್ನಲ್ಲಿ ಹೆಚ್ಚೇನೂ ಇಲ್ಲ. ಈ ಮಾತು ಹೊಸದಾಗಿ ಕುರಿ ಕಟ್ಟಬೇಕೆಂದಿರುವ, ಒಂದೆರಡು ಎಕರೆ ಹಿಡುವಳಿಯ ಸಂಸಾರಗಳಿಗೆ.

ನಮ್ಮ ನಾಡು ಕುರಿಯ ನಾಡು. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿದ್ದವು. ಆ ಗಣತಿಯಂತೆ ತೆಲಂಗಾಣ, ಆಂಧ್ರ ಬಿಟ್ಟರೆ ಇಡೀ ದೇಶದಲ್ಲಿ ಮೂರನೆಯ ಸ್ಥಾನ ನಮ್ಮದೇ. ತಳಿಗಳಿಗೂ ಕೊರತೆಯಿಲ್ಲ. ಬಳ್ಳಾರಿ ಕುರಿ, ದಖನಿ ಕುರಿ ಕಂಬಳಿಗೆ ಬೇಕಾದ ಒರಟು ಉಣ್ಣೆಯನ್ನೂ ಕೊಡುತ್ತವೆ. ರಾಯಚೂರು, ಕೊಪ್ಪಳದ ಕಡೆಯ ಕೆಂಗುರಿ ಮಾಂಸಕ್ಕೆ ಹೆಸರಾದದ್ದು. ಮೈಸೂರು, ಮಂಡ್ಯದ ಕಡೆ ಬನ್ನೂರು ಕುರಿ ಎಂದು ಕರೆಯುವ ಮಂಡ್ಯದ ಗಿಡ್ಡ ತಳಿಯನ್ನು ಎಲ್ಲರೂ ಬಲ್ಲರು. ಮೈ ಚಿಕ್ಕದು, ಕಾಲು ಮೋಟು, ತೊಡೆ ತುಂಬಿಕೊಂಡಿರುತ್ತದೆ. ಅದರ ಉಣ್ಣೆಯಿಂದ ಲಾಭವಿಲ್ಲ. ಲಾಭವೆಲ್ಲ ಮರಿಯಿಂದ ಮತ್ತು ಗೊಬ್ಬರದಿಂದ. ನಿಮ್ಮ ಸೀಮೆಯ ಬಿಸಿಲಿಗೆ, ಮೇವಿಗೆ ಒಗ್ಗಿದ ತಳಿಯನ್ನೇ ಕಟ್ಟುವುದು ಜಾಣತನ. ದೂರದಿಂದ ದೊಡ್ಡ ಮೈಯ ಕುರಿ ತಂದರೆ ಅದರ ಹೊಟ್ಟೆಯೂ ದೊಡ್ಡದೆಂಬುದು ನೆನಪಿರಲಿ.

ಈಗ ಒಂದು ಸಂಸಾರವನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ನಾಗಮಂಗಲದ ಕಡೆಯ ಒಂದು ಹಳ್ಳಿ. ಎರಡೆಕರೆ ಖುಷ್ಕಿ, ರಾಗಿ, ಅವರೆ, ಹುರುಳಿ ಬೆಳೆ. ಮನೆಯಲ್ಲಿ ಗಂಡ, ಹೆಂಡತಿ, ಗಂಡನ ತಾಯಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹೆಸರು ಬೇಡ, ಇಂಥ ಮನೆ ನಿಮ್ಮೂರಿನಲ್ಲೂ ಇದ್ದೀತು. ಎರಡು ವರ್ಷ ಮಳೆ ಕೈಕೊಟ್ಟಿದೆ. ಮೂರನೆಯ ಯುಗಾದಿಯ ಹೊತ್ತಿಗೆ ಮನೆಯಾಕೆ ತನ್ನ ಕೊರಳಿನ ಚಿನ್ನದ ಸರವನ್ನು ತೆಗೆದು ಗಂಡನ ಕೈಯಲ್ಲಿಡುತ್ತಾಳೆ. "ಇದನ್ನ ಅಡವಿಟ್ಟು ಹತ್ತು ಕುರಿ ತಕ್ಕೊಂಡು ಬನ್ನಿ. ಮಳೆ ಬಂದ್ರೂ ಬರದಿದ್ರೂ ಅವು ಮರಿ ಹಾಕ್ತವೆ" ಎನ್ನುತ್ತಾಳೆ. ಮಾತೇನೋ ಸರಿಯೇ. ಆದರೆ ಕುರಿ ಮರಿ ಹಾಕಬೇಕಾದರೆ ಮೊದಲು ಅದು ಬದುಕಿರಬೇಕಲ್ಲ!

ಯಜಮಾನರು ಸಂತೆಗೆ ಹೋಗಿ, ಅಗ್ಗವಾಗಿ ಸಿಕ್ಕಿತೆಂದು ಐದಾರು ಜನರ ಕೈಯಿಂದ ಹತ್ತು ಹೆಣ್ಣುಕುರಿ, ಒಂದು ಟಗರು ಕೊಂಡು ತಂದರು. ಮೊದಲನೆಯ ತಪ್ಪು ಇಲ್ಲೇ ಆಯಿತು. ಸಂತೆಯೆಂದರೆ ಕುರಿಯ ಜೊತೆಗೆ ರೋಗವೂ ಕೈ ಬದಲಾಯಿಸುವ ಜಾಗ. ಆದಷ್ಟು ಮಟ್ಟಿಗೆ ಗುರುತಿನ ಒಂದೇ ಹಿಂಡಿನಿಂದ, ಅದರ ತಾಯಿಕುರಿಗಳನ್ನು ಕಣ್ಣಾರೆ ನೋಡಿ ಕೊಳ್ಳತಕ್ಕದ್ದು. ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡಿ. ಹಾಲುಹಲ್ಲು ಬಿದ್ದು ಮುಂದಿನ ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದರಿಂದ ಒಂದೂವರೆ ವರ್ಷ. ನಾಲ್ಕು ಹಲ್ಲಾಗಿದ್ದರೆ ಹೆಚ್ಚುಕಡಿಮೆ ಎರಡು ವರ್ಷ. ಎಂಟೂ ಬಂದಿದ್ದರೆ ನಾಲ್ಕರ ಸಮೀಪ. ಹೊಸಬರಿಗೆ ಎರಡು ಹಲ್ಲು, ನಾಲ್ಕು ಹಲ್ಲಿನ ಕುರಿಯೇ ಒಳ್ಳೆಯದು. ಹಲ್ಲು ಸವೆದ ಮುದಿಕುರಿ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ. ಕೆಚ್ಚಲನ್ನು ಮುಟ್ಟಿ ನೋಡಿ, ಗಂಟು ಗಟ್ಟಿಯಿರಬಾರದು. ನಾಲ್ಕು ಹೆಜ್ಜೆ ನಡೆಸಿ ನೋಡಿ, ಕುಂಟಬಾರದು. ಮೂಗು ಸೋರುವುದನ್ನು, ಕೆಮ್ಮುವುದನ್ನು, ಹಿಂದುಗಡೆ ಉಚ್ಚಿಕೊಂಡು ಕೊಳೆಯಾಗಿರುವುದನ್ನು ಹಗ್ಗ ಹಿಡಿದು ಕೊಟ್ಟರೂ ತರಬೇಡಿ.

ತಂದ ಕುರಿಯನ್ನು ಮನೆಯ ಇತರ ಕುರಿ ಮೇಕೆಗಳ ಜೊತೆ ಆ ದಿನವೇ ಸೇರಿಸಕೂಡದು. ಮೂರು ವಾರ ಬೇರೆ ಕಡೆ ಕಟ್ಟಿ ನೋಡಬೇಕು. ಒಳಗೆ ಅಡಗಿರುವ ರೋಗ ಸಾಮಾನ್ಯವಾಗಿ ಅಷ್ಟರೊಳಗೆ ಹೊರಗೆ ಬೀಳುತ್ತದೆ. ಆಮೇಲೆ ಸೇರಿಸಿದರೆ ಭಯ ಕಡಿಮೆ.

ನಮ್ಮ ಸಂಸಾರದವರಿಗೆ ಮೇವಿನ ಯೋಚನೆ ಇರಲಿಲ್ಲ. "ಊರ ಗೋಮಾಳ ಇದೆಯಲ್ಲ" ಎಂದುಕೊಂಡರು. ಗೋಮಾಳ ಈಗ ಎಲ್ಲಿ ಉಳಿದಿದೆ, ಎಷ್ಟು ಉಳಿದಿದೆ ಎಂಬುದು ನಿಮಗೇ ಗೊತ್ತು. ಜೂನ್ ತಿಂಗಳಲ್ಲಿ ಮುಂಗಾರು ಹಿಡಿಯಿತು. ಬರಡು ನೆಲದಲ್ಲಿ ಎಳೆ ಹುಲ್ಲು ತಟ್ಟನೆ ಚಿಗುರಿತು. ಬೇಸಿಗೆಯೆಲ್ಲ ಒಣಕಡ್ಡಿ ಕಡಿದ ಕುರಿಗಳು ಹೊಟ್ಟೆ ಬಿರಿಯ ಮೇಯ್ದವು. ಮನೆಯವರಿಗೆ ಸಂತೋಷ. ಮೂರನೆಯ ದಿನ ಬೆಳಗಾಗೆದ್ದು ನೋಡಿದರೆ ಹಿಂಡಿನಲ್ಲೆಲ್ಲ ಕೊಬ್ಬಿದ ಕುರಿ ಸತ್ತು ಬಿದ್ದಿದೆ. "ಯಾರದೋ ದೃಷ್ಟಿ ತಗಲ್ತು ಕಣ್ಲಾ ಮಗ" ಎಂದು ಅಜ್ಜಿ ಕಣ್ಣೀರಿಟ್ಟಳು.

ದೃಷ್ಟಿಯಲ್ಲ ತಾಯಿ, ಅದು ಕರುಳು ಬೇನೆ. ಈ ರೋಗದ ಸೂಕ್ಷ್ಮಜೀವಿ ಕುರಿಯ ಕರುಳಿನಲ್ಲಿ ಸದಾ ಸ್ವಲ್ಪ ಇದ್ದೇ ಇರುತ್ತದೆ. ಒಣಮೇವಿನಿಂದ ಎಳೆ ಹಸಿರಿಗೆ ಇಲ್ಲವೆ ಕಾಳಿಗೆ ಒಮ್ಮೆಲೇ ಬದಲಾದಾಗ ಅದು ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬೆಳೆದು ವಿಷ ಕಾರುತ್ತದೆ. ಹೆಚ್ಚು ತಿಂದದ್ದಕ್ಕೇ ಹೆಚ್ಚು ವಿಷ. ಆದ್ದರಿಂದಲೇ ಪುಷ್ಟವಾದ ಕುರಿ ಮೊದಲು ಹೋಗುತ್ತದೆ. ಔಷಧ ಕುಡಿಸಲು ವೇಳೆಯೇ ಸಿಕ್ಕುವುದಿಲ್ಲ. ಇದಕ್ಕೆ ದಾರಿ ಎರಡೇ. ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸುವುದು. ಹಿಂದೆ ಹಾಕಿಸಿರದ ಕುರಿಗೆ, ಮರಿಗೆ ಹದಿನೈದು ದಿನ ಬಿಟ್ಟು ಎರಡನೆಯ ಸಲವೂ ಹಾಕಿಸಬೇಕು. ಹೊಸ ಹುಲ್ಲು ಬಂದ ದಿನಗಳಲ್ಲಿ ಮೊದಲು ಮನೆಯಲ್ಲೇ ಒಂದಿಷ್ಟು ಒಣಹುಲ್ಲು ತಿನ್ನಿಸಿ, ಆಮೇಲೆ ಗಂಟೆ ಎರಡು ಗಂಟೆ ಮಾತ್ರ ಹಸಿರಿಗೆ ಬಿಟ್ಟು, ವಾರದಲ್ಲಿ ಮೆಲ್ಲನೆ ರೂಢಿ ಮಾಡುವುದು. ಎಳೆ ಜೋಳದ ಪೈರಿಗಂತೂ ಕುರಿ ಬಾಯಿ ಹಾಕಬಾರದು. ಅದರಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿದ ಪೈರಿನಲ್ಲಿ, ಉಸಿರು ಕಟ್ಟಿಸುವ ವಿಷವಿರುತ್ತದೆ.

ಆಗಸ್ಟ್, ಸೆಪ್ಟೆಂಬರ್ ಬಂತು. ಎರಡು ಕುರಿ ದಿನದಿನಕ್ಕೆ ಸೊರಗಿದವು. ಮೇಯುತ್ತಿದ್ದವು, ಆದರೆ ಮೈಗೆ ಹತ್ತದು. ಆಮೇಲೆ ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಊತ ಕಾಣಿಸಿತು. ಒಂದರ ಹಿಂದೆ ಒಂದು ಸತ್ತವು. ಇದು ಜಂತುಹುಳುವಿನ ಕೆಲಸ. ಕುರಿಯ ಹೊಟ್ಟೆಯಲ್ಲಿ ದಾರದಂಥ ಹುಳುಗಳು ಸಾವಿರಗಟ್ಟಲೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಅವುಗಳ ಮೊಟ್ಟೆ ಹಿಕ್ಕೆಯಲ್ಲಿ ನೆಲಕ್ಕೆ ಬೀಳುತ್ತದೆ. ಮಳೆಗಾಲದ ತೇವದಲ್ಲಿ ಒಂದು ವಾರದೊಳಗೇ ಮರಿಹುಳುವಾಗಿ, ಇಬ್ಬನಿ ಹಿಡಿದ ಹುಲ್ಲಿನ ಎಸಳನ್ನು ಏರಿ ಕುಳಿತಿರುತ್ತದೆ. ಬೆಳಗಿನ ಜಾವದಲ್ಲಿ ಮೇಯುವ ಕುರಿ ಹುಲ್ಲಿನೊಡನೆ ಅದನ್ನೂ ನುಂಗುತ್ತದೆ. ಇಬ್ಬನಿ ಆರಿದ ಮೇಲೆ ಕುರಿ ಬಿಡಿ ಎಂದು ಹಳಬರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಹುಳು ಇದೆಯೋ ಇಲ್ಲವೋ ಎಂದು ನೋಡುವುದು ಕಷ್ಟವೇನಲ್ಲ. ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ನೋಡಿ. ಒಳಗೆ ಕೆಂಪಗಿದ್ದರೆ ರಕ್ತ ಚೆನ್ನಾಗಿದೆ. ಬಿಳುಚಿಕೊಂಡಿದ್ದರೆ ಹುಳು ಹೀರುತ್ತಿರಬಹುದು. ಕೂಡಲೇ ವೈದ್ಯರಿಗೆ ತೋರಿಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಈ ಕೆಲಸವನ್ನು ಮಕ್ಕಳೂ ಮಾಡಬಲ್ಲರು. ಹಾಗೆಂದು ಕಂಡಕಂಡಾಗಲೆಲ್ಲ ಜಂತುಹುಳುವಿನ ಔಷಧ ಕುಡಿಸುವುದೂ ತಪ್ಪು. ಒಂದೇ ಔಷಧವನ್ನು ಅರೆಬರೆ ಅಳತೆಯಲ್ಲಿ ಪದೇ ಪದೇ ಕೊಟ್ಟರೆ ಹುಳು ಅದಕ್ಕೆ ಒಗ್ಗಿಹೋಗುತ್ತದೆ; ಆಮೇಲೆ ಬಾಟಲಿಗಟ್ಟಲೆ ಹಾಕಿದರೂ ಸಾಯುವುದಿಲ್ಲ. ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ, ಕುರಿಯ ತೂಕಕ್ಕೆ ತಕ್ಕ ಅಳತೆಯಲ್ಲಿ, ವೈದ್ಯರು ಹೇಳಿದ ಔಷಧವನ್ನೇ ಕೊಡಿ. ಗಬ್ಬದ ಕುರಿಯಾದರೆ ಅದನ್ನು ಮೊದಲೇ ತಿಳಿಸಿ. ಕೆಲವು ಔಷಧ ಗಬ್ಬಕ್ಕೆ ಆಗುವುದಿಲ್ಲ. ಕುಡಿಸುವಾಗ ತಲೆಯನ್ನು ಬಹಳ ಮೇಲೆತ್ತಬೇಡಿ; ಔಷಧ ಶ್ವಾಸಕೋಶಕ್ಕೆ ಇಳಿದರೆ ರೋಗಕ್ಕಿಂತ ಮೊದಲು ಅದೇ ಕೊಲ್ಲುತ್ತದೆ. ಕೆರೆಯಂಚಿನ ಜೌಗು ನೆಲದಲ್ಲಿ ಮೇಯಿಸಬೇಡಿ. ಅಲ್ಲಿನ ಬಸವನಹುಳುವಿನ ಮೂಲಕ ಈಲಿ ಕೆಡಿಸುವ ಚಪ್ಪಟೆ ಹುಳು ಬರುತ್ತದೆ.

ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಕುರಿಗಳು ಈಯತೊಡಗಿದವು. ಆರು ಮರಿ ಹುಟ್ಟಿದವು. ಎರಡು ಬೆಳಗಾಗುವುದರೊಳಗೆ ಸತ್ತವು. ಕಾರಣ ಹೇಳುತ್ತೇನೆ, ಕೇಳಿ. ಕುರಿ ಗಬ್ಬವಾಗಿರುವುದು ಐದು ತಿಂಗಳು, ಎಂದರೆ ಸುಮಾರು 150 ದಿನ. ಹೊಟ್ಟೆಯೊಳಗಿನ ಮರಿಯ ಬೆಳವಣಿಗೆಯಲ್ಲಿ ಮೂರರಲ್ಲಿ ಎರಡು ಪಾಲು ಕೊನೆಯ ಒಂದೂವರೆ ತಿಂಗಳಲ್ಲಿ ಆಗುತ್ತದೆ. ಆಗ ತಾಯಿಗೆ ಮೇಯುವುದರ ಜೊತೆಗೆ ದಿನಕ್ಕೆ 200ರಿಂದ 250 ಗ್ರಾಂ ಕೈತಿಂಡಿ, ಎಂದರೆ ನುಚ್ಚು, ತೌಡು, ಹಿಂಡಿ ಬೆರೆಸಿದ್ದು, ಕೊಡಲೇಬೇಕು. ಕೊಡದಿದ್ದರೆ ಮರಿ ಬಡಕಲು, ಕೆಚ್ಚಲಲ್ಲಿ ಹಾಲಿಲ್ಲ.

ಮರಿ ಬಿದ್ದ ಮೇಲೆ ಮಾಡಬೇಕಾದ್ದು ನಾಲ್ಕು ಕೆಲಸ. ಮೂಗು ಬಾಯಿಯ ಲೋಳೆ ಒರೆಸಿ, ತಾಯಿಗೆ ನೆಕ್ಕಲು ಬಿಡಿ. ಹೊಕ್ಕುಳು ಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಇಲ್ಲದಿದ್ದರೆ ಅಲ್ಲಿಂದ ನಂಜು ಏರಿ ಕೀಲು ಬಾಯುತ್ತದೆ. ಚಳಿಗಾಳಿ ಬಡಿಯದಂತೆ ಒಣಹುಲ್ಲಿನ ಮೇಲೆ ಮಲಗಿಸಿ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. "ಗಿಣ್ಣು ಕುಡಿದ್ರೆ ಮರಿಗೆ ಭೇದಿಯಾಗ್ತದೆ, ಕಸ ಬೀಳೋವರೆಗೂ ಬೇಡ" ಎನ್ನುವವರಿದ್ದಾರೆ. ಅದು ಬಹಳ ಕೆಟ್ಟ ರೂಢಿ. ಕುರಿಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲವೆಂದೇ ಹೇಳಬೇಕು. ಆ ಶಕ್ತಿ ಗಿಣ್ಣುಹಾಲಿನಿಂದಲೇ ಬರಬೇಕು. ಮರಿಯ ಕರುಳು ಅದನ್ನು ಹೀರಿಕೊಳ್ಳುವುದೂ ಮೊದಲ ಕೆಲವು ಗಂಟೆ ಮಾತ್ರ. ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿತು. ಎರಡೂವರೆ ಕಿಲೋ ತೂಗುವ ಮರಿಗೆ ಮೊದಲ ದಿನದಲ್ಲಿ ಕಾಲು ಲೀಟರಿನಷ್ಟು ಗಿಣ್ಣು ಹೊಟ್ಟೆಗೆ ಹೋಗಬೇಕು. ನಾಲ್ಕು ಸಲ ಹಂಚಿ ಕುಡಿಸಿ. ಸತ್ತ ಎರಡು ಮರಿಗಳಿಗೆ ಅಂದು ಸಿಕ್ಕದೆ ಹೋದದ್ದು ಇದೇ.

ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ಜನವರಿಯಲ್ಲಿ ರಾಗಿ ಒಕ್ಕಣೆ. ಕಣದಲ್ಲಿ ರಾಶಿ ಮಾಡಿ, ಮೇಲೆ ಗೋಣಿ ಹೊದಿಸಿ ಎಲ್ಲರೂ ಊಟಕ್ಕೆ ಹೋದರು. ಹಗ್ಗ ಬಿಚ್ಚಿಕೊಂಡ ಒಂದು ಕುರಿ ರಾಶಿಗೆ ಬಾಯಿ ಹಾಕಿತು. ಮರುದಿನ ಹೊಟ್ಟೆ ಉಬ್ಬಿ, ಹಲ್ಲು ಕಡಿದು ನರಳಿ ಸತ್ತಿತು. ಕಾಳು ಹೆಚ್ಚಾದರೆ ಹೊಟ್ಟೆಯೊಳಗೆ ಅದು ಹುಳಿಯೇರಿ ಮೈಯೆಲ್ಲ ವಿಷವಾಗುತ್ತದೆ. ರಾಗಿ, ಜೋಳ, ಅಕ್ಕಿ, ಮದುವೆ ಮನೆಯ ಉಳಿದ ಅನ್ನ, ಯಾವುದಾದರೂ ಅಷ್ಟೇ. ಹೀಗಾದದ್ದು ಕಂಡ ಕೂಡಲೇ ವೈದ್ಯರನ್ನು ಕರೆಸಬೇಕು. "ನಾಳೆ ನೋಡೋಣ" ಎನ್ನುವ ಮಾತಲ್ಲ.

ಯುಗಾದಿ ತಿರುಗಿ ಬಂತು. ಲೆಕ್ಕ ಹಾಕಿದರೆ ಹತ್ತು ಕುರಿ ಆರಾಗಿವೆ, ಮರಿ ನಾಲ್ಕು. ಎರಡು ಗಂಡುಮರಿ ಮಾರಿದ ಹಣ ಅಡವಿನ ಬಡ್ಡಿಗೆ ಹೋಯಿತು. "ಉಳಿದದ್ದನ್ನೂ ಮಾರಿ ಕೈ ತೊಳ್ಕೊಳ್ಳೋಣ" ಎಂದರು ಯಜಮಾನರು. ಮನೆಯಾಕೆ ಒಪ್ಪಲಿಲ್ಲ. "ಕುರಿ ನಮಗೆ ಮೋಸ ಮಾಡ್ಲಿಲ್ಲ. ನಮಗೇ ಗೊತ್ತಿರ್ಲಿಲ್ಲ. ಇನ್ನೊಂದು ವರ್ಷ ಕೇಳಿ ತಿಳ್ಕೊಂಡು ಸಾಕೋಣ" ಎಂದಳು. ಮಾರನೆಯ ದಿನ ಗಂಡಹೆಂಡತಿ ಇಬ್ಬರೂ ಪಶು ಆಸ್ಪತ್ರೆಗೆ ನಡೆದರು. ವೈದ್ಯರು ಎಲ್ಲವನ್ನೂ ಕೇಳಿಕೊಂಡು, "ಯಜಮಾನರೇ, ಸತ್ತ ಮೇಲೆ ಬಂದಿದ್ದೀರಿ. ಇನ್ನು ಮೇಲೆ ಸಾಯುವುದಕ್ಕೆ ಮುಂಚೆ ಬನ್ನಿ" ಎಂದರು.

ಎರಡನೆಯ ವರ್ಷ ಆ ಮನೆಯಲ್ಲಿ ಮಾಡಿದ್ದು ಇಷ್ಟು. ಮೇ ತಿಂಗಳಲ್ಲೇ ಕರುಳು ಬೇನೆಗೆ ಲಸಿಕೆ ಹಾಕಿಸಿದರು. ಹಿರೇಬೇನೆ ಎಂದು ಕರೆಯುವ ಪಿಪಿಆರ್ ರೋಗಕ್ಕೂ ಹಾಕಿಸಿದರು. ಈ ಪಿಪಿಆರ್ ನಮ್ಮ ದೇಶದಲ್ಲಿ ಮೊದಲು ಗೊತ್ತಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಜ್ವರ, ಬಾಯಿ ಹುಣ್ಣು, ಮೂಗು ಸೋರುವುದು, ಭೇದಿ, ಹೀಗೆ ಇಡೀ ಹಿಂಡನ್ನೇ ಗುಡಿಸಿ ಹಾಕುವ ರೋಗ ಇದು. ಆದರೆ ಒಮ್ಮೆ ಲಸಿಕೆ ಹಾಕಿಸಿದರೆ ಮೂರು ವರ್ಷದವರೆಗೆ ಕಾಪಾಡುತ್ತದೆ. ದನಗಳ ದೊಡ್ಡರೋಗವನ್ನು ಲಸಿಕೆಯಿಂದಲೇ ಪ್ರಪಂಚದಿಂದ ಓಡಿಸಿ, ಅದು ನಿರ್ಮೂಲವಾಯಿತೆಂದು 2011ರಲ್ಲಿ ಸಾರಿದರು. ಅದರ ದಾಯಾದಿಯಾದ ಈ ಪಿಪಿಆರ್ ರೋಗವನ್ನು 2030ರೊಳಗೆ ಓಡಿಸಬೇಕೆಂಬುದು ಈಗಿನ ಗುರಿ. ಕುರಿ ಸಿಡುಬು, ನೀಲಿ ನಾಲಿಗೆ ರೋಗಗಳಿಗೂ ಲಸಿಕೆ ಉಂಟು. ನಿಮ್ಮ ಸೀಮೆಗೆ ಯಾವುದು, ಯಾವಾಗ ಎಂದು ವೈದ್ಯರನ್ನು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಕುರಿಯನ್ನು ಆಸ್ಪತ್ರೆಗೆ ಒಯ್ಯಲು ಆಗದಿದ್ದರೆ 1962 ಸಂಖ್ಯೆಗೆ ಫೋನು ಮಾಡಿದರೆ ಸಂಚಾರಿ ಚಿಕಿತ್ಸಾ ಗಾಡಿಯ ನೆರವು ಕೇಳಬಹುದು.

ಕೊಟ್ಟಿಗೆಗೆ ಹೆಚ್ಚು ಖರ್ಚು ಮಾಡಲಿಲ್ಲ. ಎತ್ತರದ, ನೀರು ನಿಲ್ಲದ ಜಾಗ. ಕುರಿಗೆ ಹತ್ತು ಹನ್ನೆರಡು ಚದರಡಿಯ ಲೆಕ್ಕ. ಮೇಲೆ ಸೋಗೆ, ಸುತ್ತ ಬಿದಿರ ತಡಿಕೆ. ನೆಲ ಒಣಗಿದ್ದರೆ ಕಾಲು ಕೊಳೆಯುವ ರೋಗ ಅರ್ಧ ಓಡಿತು. ನಾಯಿ, ಚಿರತೆಯ ಭಯಕ್ಕೆ ರಾತ್ರಿ ಬಾಗಿಲು ಭದ್ರ.

ಮೇವನ್ನು ತಮ್ಮ ಎರಡೆಕರೆಯಲ್ಲೇ ಹುಡುಕಿದರು. ಬದುವಿನ ಉದ್ದಕ್ಕೂ ಅಗಸೆ, ಗೊಬ್ಬರದ ಗಿಡ, ಹಾಲುವಾಣ ನೆಟ್ಟರು. ರಾಗಿಯ ನಡುವಿನ ಅಕ್ಕಡಿಯಲ್ಲಿ ಅಲಸಂದೆ ಸಾಲು ಹೆಚ್ಚಿಸಿದರು. ಮೊದಲು ಮಾರಿಬಿಡುತ್ತಿದ್ದ ಹುರುಳಿ ಹೊಟ್ಟು, ಅವರೆ ಹೊಟ್ಟನ್ನು ಮಳೆ ತಾಗದ ಕಡೆ ಕೂಡಿಟ್ಟರು. ಒಂದು ಕುರಿಗೆ ದಿನಕ್ಕೆ ಮೂರು ನಾಲ್ಕು ಕಿಲೋ ಹಸಿಮೇವು, ಇಲ್ಲವೆ ಅದಕ್ಕೆ ಸಮನಾದ ಹಸಿ ಒಣ ಎರಡೂ ಸೇರಿದ ಮೇವು ಬೇಕು. ಮೇಯಿಸಿ ತರುವ ಕುರಿಗೆ ಅದರಲ್ಲಿ ಒಂದಂಶ ಹೊರಗೇ ಸಿಕ್ಕುತ್ತದೆ. ಸದಾ ಶುದ್ಧವಾದ ನೀರು, ನೆಕ್ಕಲು ಖನಿಜ ಬೆರೆತ ಉಪ್ಪಿನ ಬಿಲ್ಲೆ ಇರಬೇಕು.

ಟಗರನ್ನು ವರ್ಷವೆಲ್ಲ ಹಿಂಡಿನಲ್ಲಿ ಬಿಡದೆ, ಜೂನ್, ಜುಲೈನಲ್ಲಿ ಮಾತ್ರ ಬಿಟ್ಟರು. ಅದಕ್ಕೆ ಎರಡು ವಾರ ಮೊದಲಿನಿಂದ ಹೆಣ್ಣುಕುರಿಗಳಿಗೆ ಸ್ವಲ್ಪ ಸ್ವಲ್ಪವೇ ಕೈತಿಂಡಿ ರೂಢಿ ಮಾಡಿದರು. ಹೀಗೆ ಮಾಡಿದರೆ ಬೆದೆಗೆ ಚೆನ್ನಾಗಿ ಬರುತ್ತವೆ. ಮರಿಗಳೆಲ್ಲ ಒಂದೇ ಹೊತ್ತಿಗೆ, ಹೊಟ್ಟು ಕೈಗೆ ಬರುವ ಕಾಲಕ್ಕೆ ಹುಟ್ಟಿದವು; ಕಾವಲಿಗೂ ಸುಲಭವಾಯಿತು. ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಬೇಕೆಂಬುದನ್ನೂ ತಿಳಿದುಕೊಂಡರು. ತಂದೆಯೇ ಮಗಳಿಗೆ ಬೀಜದ ಟಗರಾದರೆ ತಳಿ ಕುಗ್ಗುತ್ತದೆ.

ಆ ವರ್ಷ ಆರು ಕುರಿಗೆ ಆರು ಮರಿ. ಒಂದು ಸತ್ತೇ ಹುಟ್ಟಿತು, ಐದು ಉಳಿದವು. ಈಯುವ ರಾತ್ರಿಗಳಲ್ಲಿ ಅಜ್ಜಿಯೇ ಕಂಬಳಿ ಹೊದ್ದು ಲಾಟೀನು ಇಟ್ಟುಕೊಂಡು ಕೊಟ್ಟಿಗೆಯಲ್ಲಿ ಕುಳಿತಳು. ದೊಡ್ಡ ಹುಡುಗಿ ನೋಟುಪುಸ್ತಕದಲ್ಲಿ ಯಾವ ಕುರಿ ಎಂದು ಈಯಿತು, ಯಾವುದಕ್ಕೆ ಏನು ಔಷಧ, ಏನು ಖರ್ಚು ಎಂದು ಬರೆದಿಟ್ಟಳು. ಕುರಿ ಗೊಬ್ಬರ ಬಿದ್ದ ತಾಕಿನ ರಾಗಿ ತೆನೆ ಬೇರೆಯೇ ಕಾಣಿಸಿತು. ದನದ ಗೊಬ್ಬರಕ್ಕಿಂತ ಕುರಿಯ ಹಿಕ್ಕೆಯಲ್ಲಿ ಸಾರ ಹೆಚ್ಚು. ಮಂದೆ ಕಟ್ಟಿಸಲು ದುಡ್ಡು ಕೊಟ್ಟು ಕರೆಯುವುದು ಅದಕ್ಕೇ ಅಲ್ಲವೇ? ಮೂರು ಗಂಡುಮರಿಗಳನ್ನು ಅವಸರದಲ್ಲಿ ಮಾರದೆ ಇಟ್ಟುಕೊಂಡಿದ್ದು, ಯುಗಾದಿಯ ಮಾರನೆಯ ದಿನದ ವರ್ಷತೊಡಕಿಗೆ ಗಿರಾಕಿ ಮನೆಬಾಗಿಲಿಗೇ ಬಂದಾಗ ತೂಕ ಹಾಕಿ ಮಾರಿದರು. ಕಣ್ಣಂದಾಜಿಗೆ ಕೊಟ್ಟರೆ ಅಂದಾಜು ಯಾವಾಗಲೂ ಕೊಳ್ಳುವವನ ಕಡೆಗೇ ವಾಲುತ್ತದೆ.

ಆ ಹಣಕ್ಕೆ ಮನೆಯಲ್ಲಿದ್ದ ಸ್ವಲ್ಪ ಕೂಡಿಸಿ ಸರ ಬಿಡಿಸಿಕೊಂಡು ಬಂದರು. ಅಂದು ರಾತ್ರಿ ಯಜಮಾನರು ಹುರುಪಿನಿಂದ, "ಇದನ್ನೇ ತಿರುಗಿ ಇಟ್ಟು ಇನ್ನೂ ಇಪ್ಪತ್ತು ಕುರಿ ತರ್ಲಾ?" ಎಂದರು. ಅಜ್ಜಿ ಸುಮ್ಮನೆ ಹೊಟ್ಟಿನ ಬಣವೆಯ ಕಡೆ ಕೈ ತೋರಿಸಿದಳು. "ಅದು ಎಷ್ಟಕ್ಕೆ ಸಾಕಾಯ್ತದೋ ಅಷ್ಟು ತಾ ಮಗ" ಎಂದಳು.

ಬಾಂಧವರೇ, ಇಡೀ ಮಾತಿನ ಸಾರ ಆ ಬೆರಳಿನ ತುದಿಯಲ್ಲಿದೆ. ಮೇವು ಎಷ್ಟೋ ಕುರಿ ಅಷ್ಟು. ಕಾಯಿಲೆ ಬಂದ ಮೇಲಲ್ಲ, ಬರುವುದಕ್ಕೆ ಮುಂಚೆ ಲಸಿಕೆ. ಹುಟ್ಟಿದ ಗಂಟೆಯೊಳಗೆ ಗಿಣ್ಣು. ಇಷ್ಟನ್ನು ಬಿಡದೆ ನಡೆಸಿದರೆ ಮೊದಲ ವರ್ಷ ಆ ಮನೆಯವರು ತೆತ್ತ ಬೆಲೆಯನ್ನು ನೀವು ತೆರಬೇಕಾಗಿಲ್ಲ. ನಾಳೆ ಬೆಳಿಗ್ಗೆ ಕುರಿ ಬಿಡುವ ಮುನ್ನ ಒಂದೊಂದರ ಕಣ್ಣುರೆಪ್ಪೆ ಎಳೆದು ನೋಡಿ. ಕೆಲಸ ಅಲ್ಲಿಂದಲೇ ಮೊದಲಾಗಲಿ.